ಸುರ್‌ಸ್ಟ್ರೆಮ್ಮಿಂಗ್ ನಿಜವಾಗಲೂ ಅಷ್ಟು ಕೆಟ್ಟದಾ?

ಪ್ರಶ್ನೆ: ಆಗಸ್ಟ್‌ನಲ್ಲಿ ಉತ್ತರ ಸ್ವೀಡನ್‌ಗೆ ಹೋಗುತ್ತಿದ್ದೇನೆ. ಅಲ್ಲಿನ ಗೆಳೆಯರು ಸುರ್‌ಸ್ಟ್ರೆಮ್ಮಿಂಗ್ ಅನ್ನೋ ಈ ಹುದುಗಿಸಿದ ಡಬ್ಬಿ ಮೀನು ತಿನ್ನಲೇಬೇಕು ಅಂತ ಹಟ ಹಿಡಿದಿದ್ದಾರೆ. ವಿಡಿಯೊಗಳಲ್ಲಿ ಜನ ವಾಂತಿ ಮಾಡುವುದು ನಿಜವಾ, ಸುಮ್ನೆ ನಾಟಕನಾ?

ಉತ್ತರ: ನಾಟಕವೇ ಜಾಸ್ತಿ. ಡಬ್ಬಿಯಿಂದ ನೇರ ಬಾಯಿಗೆ ಹಾಕಿಕೊಂಡರೆ ಇನ್ನೇನಾಗುತ್ತೆ? ಅಲ್ಲಿಯವರು ಮುಳ್ಳು ತೆಗೆದು, ತೆಳುವಾದ ತುನ್‌ಬ್ರೋಡ್ ರೊಟ್ಟಿಗೆ ಬೆಣ್ಣೆ ಸವರಿ, ಬೆಂದ ಆಲೂಗಡ್ಡೆ, ಹೆಚ್ಚಿದ ಈರುಳ್ಳಿ ಜೊತೆ ಸ್ವಲ್ಪವೇ ಇಟ್ಟು ತಿನ್ನುತ್ತಾರೆ. ನನಗಂತೂ ಇಷ್ಟ.

ಉತ್ತರ: ನನಗೆ ಆಗಲ್ಲ ಮಾರಾಯ್ರೆ. ರುಚಿ ಪರವಾಗಿಲ್ಲ, ಬರೀ ಉಪ್ಪು-ಹುಳಿ. ಆದರೆ ಕೊಳೆತ ಮೊಟ್ಟೆಯ ಆ ನಾತ ಬಟ್ಟೆ ಬಿಟ್ಟು ಹೋಗಲೇ ಇಲ್ಲ!

ಉತ್ತರ: ಇದು ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು, ಕಡಿಮೆ ಉಪ್ಪಿನಲ್ಲಿ ಹುದುಗಿಸಿದ್ದು. ಡಬ್ಬಿಯೊಳಗೂ ಹುದುಗುತ್ತಲೇ ಇರುತ್ತೆ, ಅದಕ್ಕೇ ಉಬ್ಬುವುದು. ಮನೆಯೊಳಗೆ ಮಾತ್ರ ತೆರೆಯಬೇಡಿ. ಹೊರಗೆ, ಬಕೆಟ್ ನೀರಿನಲ್ಲಿ ಮುಳುಗಿಸಿ ತೆರೆಯಿರಿ, ಇಲ್ಲದಿದ್ದರೆ ರಸ ಮುಖಕ್ಕೇ ಚಿಮ್ಮುತ್ತೆ.