ಬಾಸೆಲ್‌ಗೆ ಮೂರು ದಿನ, ಅಪ್ಪ ಅಮ್ಮನ ಜೊತೆ: ಹೋಗಿ ಬಂದವರು ಹೇಳಿ

ಮೈಸೂರು ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜೂನ್ ಮೂರನೇ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಸ್ವಿಟ್ಜರ್‌ಲೆಂಡಿಗೆ ಹೊರಟಿದ್ದೇವೆ. ಬಾಸೆಲ್‌ನಲ್ಲಿ ಮೂರು ದಿನ ಇರೋಣ ಅಂತ ಆಸೆ. ಅಪ್ಪನಿಗೆ 70, ಮಂಡಿ ನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ಕಿಟ್ಟೆಲ್ ನಿಘಂಟು ಈಗಲೂ ಅವರ ಮೇಜಿನ ಮೇಲೇ ಇರುತ್ತದೆ, ಹಾಗಾಗಿ "ಕಿಟ್ಟೆಲ್ ಊರು ನೋಡಲೇಬೇಕು" ಅಂತ ಹಟ. ಟಿಕೆಟ್ ಮಾಡಿಸುವವರು ಮಾತ್ರ "ಅಲ್ಲೇನಿದೆ ಮೇಡಂ, ಅದು ಔಷಧಿ ಕಂಪನಿಗಳ ಊರು, ಇನ್ನೂ ಮೂರು ದಿನ ಹಿಮ ನೋಡಿ" ಅನ್ನುತ್ತಿದ್ದಾರೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ. ಮೂರು ದಿನ ಜಾಸ್ತಿ ಆಯ್ತಾ?

ರೈನ್ ದಂಡೆಯ ರಾಯಚೂರಿನವ:

ಆರು ವರ್ಷದಿಂದ ಇಲ್ಲೇ ಇದ್ದೇನೆ, ಔಷಧಿ ಕಂಪನಿಯಲ್ಲೇ ಕೆಲಸ, ಆದ್ದರಿಂದ ಆ ಮಾತು ನನಗೆ ಸ್ವಲ್ಪ ಚುಚ್ಚಿತು ಅಕ್ಕ. ಮೊದಲನೇ ಮಾತು, ದಿನಾಂಕ ಬದಲಿಸಿ. ಜೂನ್ ಮಧ್ಯದಲ್ಲಿ ಆರ್ಟ್ ಬಾಸೆಲ್ ನಡೆಯುತ್ತದೆ. 1970ರಲ್ಲಿ ಊರಿನ ಕೆಲವು ಗ್ಯಾಲರಿಯವರು ಶುರು ಮಾಡಿದ ಮೇಳ, ಈಗ ಜಗತ್ತಿನ ದುಡ್ಡಿನವರೆಲ್ಲ ಚಿತ್ರ ಕೊಳ್ಳಲು ಬಂದಿಳಿಯುತ್ತಾರೆ. ಆ ವಾರ ನನ್ನ ತಮ್ಮ ಬಂದಿದ್ದ. ನನ್ನ ಮನೆ ಚಿಕ್ಕದು ಅಂತ ಅವನಿಗೆ ಹೋಟೆಲ್ ನೋಡಿದೆ. ಒಂದು ಸಾಮಾನ್ಯ ಹೋಟೆಲಿನಲ್ಲಿ ಒಂದು ರಾತ್ರಿಗೆ ಹೇಳಿದ ಬೆಲೆ ಕೇಳಿ, ಅವನನ್ನು ಸುಮ್ನೆ ನಮ್ಮ ಸೋಫಾ ಮೇಲೆ ಮಲಗಿಸಿದೆ.

ಎರಡನೆಯದು ವಿಮಾನ ನಿಲ್ದಾಣ. ಅದು ಇರುವುದು ಫ್ರಾನ್ಸ್ ನೆಲದಲ್ಲಿ. ಒಂದೇ ಕಟ್ಟಡಕ್ಕೆ ಫ್ರಾನ್ಸ್ ಕಡೆಗೊಂದು ಬಾಗಿಲು, ಸ್ವಿಸ್ ಕಡೆಗೊಂದು ಬಾಗಿಲು. ನಿದ್ದೆಗಣ್ಣಲ್ಲಿ ಜನರ ಹಿಂದೆ ಹೋದರೆ ಫ್ರಾನ್ಸ್ ಕಡೆಗೆ ಬಿದ್ದಿರುತ್ತೀರಿ. ನಾನೇ ಮೊದಲ ದಿನ ಬಿದ್ದಿದ್ದೆ. ಸ್ವಿಸ್ ಬಾಗಿಲಿಂದ ಹೊರಬಂದರೆ 50ನೇ ನಂಬರ್ ಬಸ್ಸು ಸಿಗುತ್ತದೆ, ನೇರ ರೈಲು ನಿಲ್ದಾಣಕ್ಕೆ ಬಿಡುತ್ತದೆ. ರೈಲಲ್ಲಿ ಬರುವುದಾದರೆ ಬಾಸೆಲ್ ಎಸ್‌ಬಿಬಿಯಲ್ಲಿ ಇಳಿಯಿರಿ, ಅದು ಸ್ವಿಸ್ ರೈಲ್ವೆಯ ಮುಖ್ಯ ನಿಲ್ದಾಣ. ಬಾಡಿಷರ್ ಬಾನ್‌ಹೋಫ್ ಅಂತ ಇನ್ನೊಂದಿದೆ, ಅದು ಇದೇ ಊರಲ್ಲಿದ್ದರೂ ಜರ್ಮನಿ ರೈಲ್ವೆಯವರದ್ದು. ಮೂರು ದೇಶ ಒಂದೇ ಕಡೆ ಸೇರಿದರೆ ಹೀಗೇ ಆಗೋದು.

ಹೋಟೆಲಿನಲ್ಲಿ ಉಳಿದವರಿಗೆ ಬಾಸೆಲ್‌ಕಾರ್ಡ್ ಪುಕ್ಕಟೆ ಕೊಡುತ್ತಾರೆ. ಊರೊಳಗಿನ ಟ್ರಾಮ್, ಬಸ್ಸು ಎಲ್ಲ ಫ್ರೀ, ಮ್ಯೂಸಿಯಂಗೆ ಅರ್ಧ ದರ. ಬಂದ ದಿನ ನಿಲ್ದಾಣದಿಂದ ಹೋಟೆಲಿಗೆ ಹೋಗಲು ಬುಕಿಂಗ್ ಕಾಗದ ತೋರಿಸಿದರೆ ಸಾಕು. ಅಪ್ಪನ ಮಂಡಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಎರಡು ಸ್ಟಾಪಿಗೂ ಟ್ರಾಮ್ ಹತ್ತಿ, ನಾಚಿಕೆ ಬೇಡ.

ಮತ್ತೆ ಔಷಧಿ ಊರು ಅಂದರಲ್ಲ, ಅದರ ಹಿಂದೆ ರೇಷ್ಮೆ ಇದೆ ಅಂತ ಅವರಿಗೆ ಹೇಳಿ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದವರು ಇಲ್ಲಿ ರೇಷ್ಮೆ ರಿಬ್ಬನ್ ನೇಯುವ ಕಸುಬು ಬೆಳೆಸಿದರು. ರಿಬ್ಬನ್‌ಗೆ ಬಣ್ಣ ಬೇಕು. 1859ರಲ್ಲಿ ಕ್ಲಾವೆಲ್ ಎಂಬ ರೇಷ್ಮೆ ಬಣ್ಣಗಾರ ಇಲ್ಲೇ ರಾಸಾಯನಿಕ ಬಣ್ಣ ತಯಾರಿಸಲು ಶುರು ಮಾಡಿದ. ಬಣ್ಣ ಮಾಡುತ್ತಿದ್ದ ಅಂಥ ಕಂಪನಿಗಳೇ ಮುಂದೆ ಔಷಧಿಗೆ ಕೈ ಹಾಕಿದವು, 1996ರಲ್ಲಿ ಅವುಗಳಲ್ಲಿ ಎರಡು ದೊಡ್ಡವು ಕೂಡಿ ನೋವಾರ್ಟಿಸ್ ಆಯಿತು. ನದಿ ದಂಡೆಯಲ್ಲಿ ಕುಳಿತರೆ ಮೆಟ್ಟಿಲಿನ ಹಾಗೆ ಕಾಣುವ ಎರಡು ಬಿಳಿ ಗೋಪುರಗಳಿವೆಯಲ್ಲ, ಅವು ಮಾತ್ರ ರೋಷ್ ಅನ್ನೋ ಇನ್ನೊಂದು ಔಷಧಿ ಕಂಪನಿಯದ್ದು. ಎತ್ತರದ್ದು 205 ಮೀಟರ್. ಊರಿನ ಅರ್ಧ ಜನಕ್ಕೆ ಅವು ಕಣ್ಣಿಗೆ ಚೆನ್ನಾಗಿ ಕಾಣಲ್ಲ. ನಾನು ಏನೂ ಹೇಳಲ್ಲ.

ಜಯನಗರದ ಸೊಸೆ:

ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು, ಭಾನುವಾರ ರಾತ್ರಿ ತಲುಪಿದೆವು. ಸೋಮವಾರ ಬೆಳಿಗ್ಗೆ ಕುನ್ಸ್ಟ್‌ಮ್ಯೂಸಿಯಂ, ಅಂದರೆ ಊರಿನ ಚಿತ್ರಕಲೆಯ ಮ್ಯೂಸಿಯಂ ಬಾಗಿಲಲ್ಲಿ ನಿಂತಾಗ ಗೊತ್ತಾಯಿತು, ಸೋಮವಾರ ರಜೆ. ಮಾವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ! ನೀವು ಆ ತಪ್ಪು ಮಾಡಬೇಡಿ. ಸೋಮವಾರ ಇದ್ದರೆ 6ನೇ ನಂಬರ್ ಟ್ರಾಮ್ ಹತ್ತಿ ರೀಹೆನ್‌ಗೆ ಹೋಗಿ, ಅಲ್ಲಿ ಫೋಂಡಾಸಿಯೋಂ ಬೇಯಲರ್ ಅನ್ನೋ ಇನ್ನೊಂದು ಚಿತ್ರಕಲೆಯ ಮ್ಯೂಸಿಯಂ ವರ್ಷದ ಅಷ್ಟೂ ದಿನ ತೆರೆದಿರುತ್ತದೆ. ಒಂದೇ ಮಹಡಿ, ಎಲ್ಲೆಲ್ಲೂ ಹಗಲು ಬೆಳಕು, ಕಿಟಕಿ ಆಚೆ ಕೊಳ, ಕುಳಿತುಕೊಳ್ಳಲು ಮೆತ್ತನೆ ಆಸನ. ಅತ್ತೆ ಮೊನೆ ಅನ್ನೋ ಚಿತ್ರಕಾರ ಬರೆದ ನೈದಿಲೆ ಚಿತ್ರ ನೋಡಿದ್ದಕ್ಕಿಂತ ಹೊರಗಿನ ಕೊಳದ ನೈದಿಲೆ ನೋಡಿದ್ದು ಜಾಸ್ತಿ, ಆದರೂ ಖುಷಿಯಾಗಿದ್ದರು.

ಮಂಗಳವಾರ ಕುನ್ಸ್ಟ್‌ಮ್ಯೂಸಿಯಂಗೆ ಮತ್ತೆ ಹೋದೆವು, 2ನೇ ನಂಬರ್ ಟ್ರಾಮ್ ಬಾಗಿಲಿಗೇ ಬಿಡುತ್ತದೆ. ಬಾಸೆಲ್ ಜನ ತಮ್ಮ ಊರಿನ ಮನೆತನವೊಂದರ ಸಂಗ್ರಹ ಹೊರಗೆ ಹೋಗಬಾರದು ಅಂತ 1661ರಲ್ಲೇ ದುಡ್ಡು ಕೊಟ್ಟು ಕೊಂಡುಕೊಂಡರಂತೆ. ರಾಜನದ್ದಲ್ಲ, ಊರಿನದ್ದು. ಅಲ್ಲಿ ಹೋಲ್ಬೈನ್ 1521-22ರಲ್ಲಿ ಬರೆದ ಒಂದು ಚಿತ್ರ ಇದೆ, ಸಮಾಧಿಯೊಳಗೆ ಮಲಗಿಸಿದ ಯೇಸುವಿನ ದೇಹ. ಉದ್ದ ಎರಡು ಮೀಟರ್, ಎತ್ತರ ಬರೀ ಒಂದು ಅಡಿ. ಗೋಡೆಯಲ್ಲೇ ಒಂದು ಗೂಡು ಕೊರೆದು ಒಳಗೆ ಮಲಗಿಸಿದ ಹಾಗೆ. ಕಣ್ಣು ಬಾಯಿ ಅರ್ಧ ತೆರೆದಿವೆ. ಬಲಗೈಯ ನಡುಬೆರಳು ಬಟ್ಟೆಯ ಮೇಲೆ ಒತ್ತಿಕೊಂಡಿದೆ, ಬೆರಳ ತುದಿ, ಪಾದ ಎಲ್ಲ ಹಸಿರು ತಿರುಗಿವೆ. 1867ರಲ್ಲಿ ರಷ್ಯಾದ ಕಾದಂಬರಿಕಾರ ದಸ್ತಯೇವ್‌ಸ್ಕಿ ಇದರ ಮುಂದೆ ನಿಂತವನು ಅಲುಗಾಡಲೇ ಇಲ್ಲ, ಮೂರ್ಛೆ ರೋಗ ಎಲ್ಲಿ ಬರುತ್ತದೋ ಅಂತ ಹೆಂಡತಿ ಹೆದರಿ ಎಳೆದುಕೊಂಡು ಹೋದಳು. ನಮ್ಮ ಅತ್ತೆ ಒಂದು ನಿಮಿಷ ನೋಡಿ "ಸಾವಿನ ಮನೆ ನೋಡಿದ ಹಾಗಾಯ್ತು, ಬಾ" ಅಂದರು. ಅಮ್ಮ ಮೃದು ಮನಸ್ಸಿನವರಾದರೆ ಮೊದಲೇ ಹೇಳಿಟ್ಟಿರಿ.

ಅಲ್ಲೇ ಪಿಕಾಸೋನ ಎರಡು ಚಿತ್ರಗಳ ಕಥೆಯನ್ನೂ ಅಪ್ಪನಿಗೆ ಹೇಳಿ, ಮೇಷ್ಟ್ರಿಗೆ ಇಷ್ಟವಾಗುತ್ತದೆ. 1967ರಲ್ಲಿ ಒಂದು ವಿಮಾನ ಅಪಘಾತದಿಂದ ವಿಮಾನ ಕಂಪನಿಯ ಮಾಲೀಕರ ಕುಟುಂಬಕ್ಕೆ ಹಣದ ಅಡಚಣೆ ಬಂತು, ಮ್ಯೂಸಿಯಂನಲ್ಲಿ ಇಟ್ಟಿದ್ದ ಅವರ ಚಿತ್ರಗಳನ್ನು ಮಾರುವ ಪರಿಸ್ಥಿತಿ. ಎರಡಕ್ಕೆ ಒಟ್ಟು 84 ಲಕ್ಷ ಫ್ರಾಂಕ್. 60 ಲಕ್ಷ ಸರ್ಕಾರದ ಬೊಕ್ಕಸದಿಂದ ಕೊಡಬೇಕಾ ಅಂತ ಜನರ ಮತಕ್ಕೇ ಹಾಕಿದರು, ಜನ ಹೂಂ ಅಂದರು. ಉಳಿದ 24 ಲಕ್ಷಕ್ಕೆ "ಭಿಕ್ಷುಕರ ಹಬ್ಬ" ಅಂತ ಮಾಡಿ ಬೀದಿಯಲ್ಲಿ ಡಬ್ಬಿ ಹಿಡಿದರು. ಪಿಕಾಸೋ ಇದನ್ನು ಕೇಳಿ ಇನ್ನೂ ನಾಲ್ಕು ಕೃತಿಗಳನ್ನು ಊರಿಗೆ ಸುಮ್ಮನೆ ಕೊಟ್ಟುಬಿಟ್ಟ. ಚಿತ್ರ ಕೊಳ್ಳಲು ಊರವರೆಲ್ಲ ವೋಟು ಹಾಕೋದು ಅಂದರೆ ನನಗೆ ಈಗಲೂ ನಂಬಕ್ಕಾಗಲ್ಲ.

ತಿಂಗಳ ಮೊದಲ ಭಾನುವಾರ ಅಲ್ಲಿನ ಸ್ವಂತ ಸಂಗ್ರಹ ನೋಡಲು ಟಿಕೆಟ್ ಇಲ್ಲ. ಹೋಗುವ ಮುಂಚೆ ಒಮ್ಮೆ ವೆಬ್‌ಸೈಟ್ ನೋಡಿಕೊಳ್ಳಿ.

ತಿಂಡಿಪೋತ ತುಮಕೂರು:

ಅಮ್ಮನ ಊಟದ ವಿಷಯ ಯಾರೂ ಹೇಳಲೇ ಇಲ್ಲ! ನಾನು ಫಾಸ್ನಾಕ್ಟ್ ಹಬ್ಬಕ್ಕೆ ಹೋಗಿದ್ದೆ, ಸೋಮವಾರ ಬೆಳಗಿನ ಜಾವ 4 ಗಂಟೆಗೆ ಊರಿನ ದೀಪ ಎಲ್ಲ ಆರಿಸಿ ಲಾಟೀನು, ಡೋಲು, ಕೊಳಲು ಹಿಡಿದು ಹೊರಡುತ್ತಾರೆ, ಮೈ ಜುಮ್ಮೆನ್ನುತ್ತದೆ, ಅದು ಬೇರೆ ಕಥೆ. ಚಳಿಗೆ ಒಂದು ಕಡೆ ಹಿಟ್ಟಿನ ಸೂಪು ಕುಡಿದೆ. ಹಿಟ್ಟನ್ನು ಕಂದು ಬಣ್ಣ ಬರುವ ತನಕ ಹುರಿದು ಮಾಡಿದ್ದು, ವಾಸನೆ ನಮ್ಮ ಹುರಿಹಿಟ್ಟಿನದ್ದೇ. ಎರಡನೇ ಬಟ್ಟಲು ಮುಗಿದ ಮೇಲೆ ತಿಳಿಯಿತು, ಅದು ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿದ್ದು. "ವೆಜಿಟೇರಿಯನ್ನಾ" ಅಂತ ಕೇಳಿದ್ದಕ್ಕೆ ಮಾಂಸದ ತುಂಡು ಇಲ್ಲ ಅಂತ ಅವರು ತಲೆ ಆಡಿಸಿದ್ದರು ಪಾಪ. ಆದ್ದರಿಂದ "ಮಾಂಸದ ಸಾರು ಹಾಕಿದ್ದೀರಾ" ಅಂತಲೇ ಕೇಳಿ. ಈರುಳ್ಳಿ, ಚೀಸ್ ಹಾಕಿದ ವೇಯೆ ಅಂತ ಸಿಗುತ್ತದೆ, ನೋಡಲು ಸಸ್ಯಾಹಾರಿ, ಒಳಗೆ ಮೊಟ್ಟೆ. ಲೆಕರ್ಲಿ ಅಂತ ಜೇನು, ಬಾದಾಮಿ ಹಾಕಿದ ಬಿಸ್ಕತ್ತು ಈ ಊರಿನ ವಿಶೇಷ, ಅದಕ್ಕೆ ಚೆರ್ರಿ ಸಾರಾಯಿ ಹಾಕುವ ರೂಢಿ ಇದೆ, ಪ್ಯಾಕೆಟ್ ಹಿಂದೆ ಓದಿ ಕೊಡಿ. ಹಲ್ಲು ಸರಿ ಇಲ್ಲದವರು ಕಾಫಿಯಲ್ಲಿ ಅದ್ದಿ ತಿನ್ನಿ.

ರೈಲು ನಿಲ್ದಾಣದ ಹತ್ತಿರ ಮಾರ್ಕ್ಟ್‌ಹಾಲೆ ಅಂತ ದೊಡ್ಡ ಗುಮ್ಮಟದ ಹಳೆ ಮಾರುಕಟ್ಟೆ ಇದೆ, ಈಗ ಹತ್ತಾರು ದೇಶದ ಊಟದ ಅಂಗಡಿ. ಮುಂದೆಯೇ ಬಡಿಸುವುದರಿಂದ ಕಣ್ಣಿಂದ ನೋಡಿ ಕೇಳಬಹುದು. ಭಾನುವಾರ ಊರಿನ ಅಂಗಡಿ ಬಂದ್, ನಿಲ್ದಾಣದ ಒಳಗಿನವು ಮಾತ್ರ ತೆರೆದಿರುತ್ತವೆ. ನೀರು ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ಕಾರಂಜಿ ತೊಟ್ಟಿಗಳಿವೆ, ಕುಡಿಯುವ ನೀರೇ. ಕೆಲವು ಹಸಿರು ತೊಟ್ಟಿಗಳ ಮೇಲೆ ಅರ್ಧ ಹುಂಜ, ಅರ್ಧ ಹಾವಿನ ಪ್ರಾಣಿ ಕೂತಿರುತ್ತದೆ, ಅದರ ಹೆಸರು ಬಾಸಿಲಿಸ್ಕ್. ನಮಗೆ ಗಂಡಭೇರುಂಡ ಇದ್ದ ಹಾಗೆ ಅವರಿಗೆ ಅದು.

ರೈನ್ ದಂಡೆಯ ರಾಯಚೂರಿನವ:

ಕುಕ್ಕರ್ ತರುವವರಿದ್ದರೆ 8ನೇ ನಂಬರ್ ಟ್ರಾಮ್ ಹತ್ತಿ ಗಡಿ ದಾಟಿ, ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ತರಕಾರಿ, ಮೊಸರು ತನ್ನಿ. ನಾವೆಲ್ಲ ಶನಿವಾರ ಮಾಡುವುದೇ ಅದು. ಪಾಸ್‌ಪೋರ್ಟ್ ಜೇಬಲ್ಲಿರಲಿ, ಬಾಸೆಲ್‌ಕಾರ್ಡ್ ಅಷ್ಟು ದೂರ ನಡೆಯುತ್ತಾ ಅಂತ ಹೋಟೆಲಿನವರನ್ನು ಕೇಳಿ.

ಕುಡ್ಲದ ಹಂಚು:

ಅಪ್ಪನವರ ವಿಷಯಕ್ಕೆ ಬರುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡಿ, ಕಿಟ್ಟೆಲ್ ಬಾಸೆಲ್ ಊರಿನವರಲ್ಲ ಮಾರಾಯ್ರೆ. ಹುಟ್ಟಿದ್ದು ಜರ್ಮನಿಯ ಉತ್ತರದ ಮೂಲೆಯಲ್ಲಿ, ತೀರಿಹೋದದ್ದು 1903ರಲ್ಲಿ ಟ್ಯೂಬಿಂಗನ್‌ನಲ್ಲಿ. ಬಾಸೆಲ್ ಮಿಶನ್ನಿನಲ್ಲಿ ಓದಿ 1853ರಲ್ಲಿ ನಮ್ಮ ಕಡೆ ಬಂದರು. ನಿಘಂಟು ಅಚ್ಚಾದದ್ದು ಮಂಗಳೂರಲ್ಲಿ, 1894ರಲ್ಲಿ. ಆದರೂ ಊರಿಗೆ ಹೋಗುವುದು ವ್ಯರ್ಥ ಅಲ್ಲ. 1815ರಲ್ಲಿ ಹುಟ್ಟಿದ ಮಿಶನ್ ಅದು, 1834ರಲ್ಲಿ ಮಂಗಳೂರಿಗೆ ಬಂತು. ಶಾಲೆ, ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ. ನಮ್ಮ ಅಜ್ಜನ ಮನೆಯ ಮಾಡಿನಲ್ಲಿ ಈಗಲೂ ಆ ಹೆಸರು ಒತ್ತಿದ ಹಂಚು ಉಂಟು. ಒಂದನ್ನು ತೆಗೆದು ಕೈಯಲ್ಲಿ ತಿರುಗಿಸಿ ಓದುತ್ತಾ ಬೆಳೆದವನು ನಾನು.

ಅದಕ್ಕೇ ಹೋಗಿದ್ದೆ. ಶ್ಪಾಲೆನ್‌ಟೋರ್ ಅಂತ ಹಳೆ ಕೋಟೆ ಬಾಗಿಲು, ಅದರಿಂದ ಹೊರಡುವ ರಸ್ತೆಯ ಹೆಸರೇ ಮಿಶನ್ ರಸ್ತೆ, 21ನೇ ನಂಬರ್. ಸಂಸ್ಥೆಗೂ ಈಗ ಮಿಶನ್ 21 ಅಂತಲೇ ಹೆಸರು. ಈ ಕಟ್ಟಡ 1860ರದ್ದು, ಅಂದರೆ ಕಿಟ್ಟೆಲ್ ಓದಿದ್ದು ಇದರಲ್ಲಲ್ಲ. ಫಲಕ ನೋಡಿ ಫೋಟೋ ತೆಗೆಯುವುದಕ್ಕೆ ಏನೂ ಬೇಡ. ಹಳೆ ಕಾಗದ ನೋಡಬೇಕು ಅಂತಿದ್ದರೆ ವಾರಗಳ ಮೊದಲೇ ಮೇಲ್ ಬರೆದು ಸಮಯ ಕೇಳಿ, ಸೀದಾ ಹೋಗಿ ನಿಂತರೆ ಆಗುವುದಿಲ್ಲ. ಅವರ ಹಳೆ ಫೋಟೋಗಳು ಅಂತರ್ಜಾಲದಲ್ಲಿಯೇ ಉಂಟು, ಧಾರವಾಡ, ಮಂಗಳೂರು, ಹುಬ್ಬಳ್ಳಿ ಎಲ್ಲ. ಹೊರಡುವ ಮೊದಲು ಮನೆಯಲ್ಲೇ ಕೂರಿಸಿ ತೋರಿಸಿ.

ಮತ್ತೆ ಮೇಷ್ಟ್ರನ್ನು ಕಾಗದದ ಗಿರಣಿಗೆ ಕರ್ಕೊಂಡು ಹೋಗದೆ ಬರಬೇಡಿ. ಸಂಕ್ಟ್ ಆಲ್ಬಾನ್ ಕೇರಿಯಲ್ಲಿ ನೀರಿನ ಚಕ್ರ ಈಗಲೂ ತಿರುಗುತ್ತದೆ. ಜರಡಿಯನ್ನು ತೊಟ್ಟಿಯೊಳಗೆ ಅದ್ದಿ ಎತ್ತಿ ನಿಮ್ಮ ಕೈಯಿಂದಲೇ ಒಂದು ಹಾಳೆ ಮಾಡಿಸುತ್ತಾರೆ. ನೀರು ಬಸಿದಾಗ ಜರಡಿ ಮೇಲೆ ಉಳಿಯುವುದು ನೀರುದೋಸೆ ಹಿಟ್ಟು ಕಾವಲಿಗೆ ಹರಡಿದ ಹಾಗೆ ತೆಳ್ಳಗೆ. ಸೀಸದ ಅಚ್ಚುಮೊಳೆ ಎರಕ ಹೊಯ್ಯುವುದನ್ನೂ ತೋರಿಸುತ್ತಾರೆ. ಆ ಕಾಲದ ದೊಡ್ಡ ವಿದ್ವಾಂಸ ಎರಾಸ್ಮಸ್ ಈ ಊರಿಗೆ ಬಂದದ್ದೇ ಇಲ್ಲಿನ ಅಚ್ಚುಕೂಟಕ್ಕಾಗಿ, 1536ರಲ್ಲಿ ಇಲ್ಲೇ ತೀರಿಕೊಂಡರು, ಸಮಾಧಿ ಮ್ಯುನ್‌ಸ್ಟರ್ ಚರ್ಚಿನ ಒಳಗೆ ಉಂಟು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಕಲ್ಲಚ್ಚಿನಲ್ಲಿ ಬಂದದ್ದು ನೆನಪಿದ್ದವರಿಗೆ ಆ ಗಿರಣಿಯೊಳಗೆ ಸುಮ್ಮನೆ ನಿಂತರೂ ಸಾಕು.

ಈಜುಗಾರ ಶಿವಮೊಗ್ಗ:

ಬೇಸಿಗೆಯಾದರೆ ರೈನ್‌ನಲ್ಲಿ ಈಜದೆ ಬರುವುದಾ! ಮೀನಿನ ಆಕಾರದ ಚೀಲ ಸಿಗುತ್ತದೆ, ಬಟ್ಟೆ, ಫೋನು ತುಂಬಿ ಬಾಯಿಯನ್ನು ಏಳು ಸುತ್ತು ಮಡಚಿದರೆ ನೀರು ಹೋಗಲ್ಲ. ಆಫೀಸು ಮುಗಿಸಿದ ಜನ ಅದನ್ನು ಹಿಡಿದು ತೇಲಿಕೊಂಡು ಮನೆ ಕಡೆ ಹೋಗುತ್ತಾರೆ. ಆದರೆ ಇದು ತುಂಗೆಯ ಬೇಸಿಗೆ ನೀರಲ್ಲ, ಸೆಳೆತ ಜೋರು. ಚೆನ್ನಾಗಿ ಈಜು ಬರುವವರು ಮಾತ್ರ, ಮ್ಯುನ್‌ಸ್ಟರ್ ಚರ್ಚಿನ ಎದುರು ಬದಿಯ ಕ್ಲೈನ್‌ಬಾಸೆಲ್ ದಂಡೆ ಪಕ್ಕದಲ್ಲೇ, ಒಬ್ಬರೇ ಬೇಡ. ಅಪ್ಪ ಅಮ್ಮ ಮೆಟ್ಟಿಲ ಮೇಲೆ ಕೂತು ನೋಡಲಿ.

ಮೈಸೂರು ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಟ್ಟೆಲ್ ಬಾಸೆಲಿನವರಲ್ಲ ಅಂದಿದ್ದಕ್ಕೆ ಅಪ್ಪ "ನನಗೆ ಗೊತ್ತಿತ್ತು" ಅಂದರು. ಗೊತ್ತಿರಲಿಲ್ಲ. ಜೂನ್ ಬಿಟ್ಟೆವು. ಈಗ ಸೆಪ್ಟೆಂಬರಾ, ಅಕ್ಟೋಬರಾ? ನದಿ ದಾಟಿಸುವ ದೋಣಿ ಇದೆಯಂತಲ್ಲ, ಮಂಡಿ ನೋವಿನವರಿಗೆ ಅದು ಆಗುತ್ತಾ?

ರೈನ್ ದಂಡೆಯ ರಾಯಚೂರಿನವ:

ದೋಣಿ ಖಂಡಿತ. ನಾಲ್ಕು ದೋಣಿಗಳಿವೆ, ಒಂದಕ್ಕೂ ಮೋಟಾರ್ ಇಲ್ಲ. ನದಿಗೆ ಅಡ್ಡ ಕಟ್ಟಿದ ತಂತಿಗೆ ದೋಣಿಯನ್ನು ಹಗ್ಗದಲ್ಲಿ ಬಿಗಿದಿರುತ್ತಾರೆ, ದೋಣಿಯವನು ಒಂದು ಹಿಡಿಕೆ ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾನೆ, ದೋಣಿ ಸ್ವಲ್ಪ ಓರೆಯಾಗುತ್ತದೆ, ಉಳಿದದ್ದನ್ನು ನೀರೇ ನೋಡಿಕೊಳ್ಳುತ್ತದೆ. ಸದ್ದೇ ಇಲ್ಲ, ಹಲಗೆಗೆ ನೀರು ಬಡಿಯುವುದು ಮಾತ್ರ. ಸುಮಾರು 2 ಫ್ರಾಂಕ್. ಮ್ಯುನ್‌ಸ್ಟರ್ ಕೆಳಗಿನ ದೋಣಿಗೆ ಮೆಟ್ಟಿಲು ವಿಪರೀತ, ಅಪ್ಪನಿಗೆ ಬೇಡ. ಕಾಗದದ ಗಿರಣಿ ಹತ್ತಿರದ "ವಿಲ್ಡ್ ಮಾ" ದೋಣಿ ಹತ್ತಿಸಿ, ದಂಡೆ ಸಮತಟ್ಟು.

ಅಕ್ಟೋಬರ್ ಕೊನೆಗೆ ಬನ್ನಿ. 30ನೇ ತಾರೀಖಿನ ಮುಂಚಿನ ಶನಿವಾರ ಹೆರ್ಬ್‌ಸ್ಟ್‌ಮೆಸ್ಸೆ ಶುರು, 1471ರಲ್ಲಿ ಚಕ್ರವರ್ತಿ ಅಪ್ಪಣೆ ಕೊಟ್ಟ ಜಾತ್ರೆ. ಮಧ್ಯಾಹ್ನ 12ಕ್ಕೆ ಮಾರ್ಟಿನ್ಸ್ ಚರ್ಚಿನ ಗಂಟೆ ಬಾರಿಸುತ್ತಾರೆ. ಬಾರಿಸಿದವನಿಗೆ ಕೂಲಿ ಒಂದು ಜೊತೆ ಕೈಗವಸು, ಆದರೆ ಅವತ್ತು ಒಂದೇ ಕೈದು. ಎರಡು ವಾರ ಬಿಟ್ಟು ಜಾತ್ರೆ ಮುಗಿಸುವ ಗಂಟೆ ಹೊಡೆದ ಮೇಲೆ ಇನ್ನೊಂದು. ಪಿಂಗಾಣಿ, ಮಸಾಲೆ, ಮಿಠಾಯಿ ಅಂಗಡಿಗಳ ಸಾಲು ಪೀಟರ್ಸ್‌ಪ್ಲಾಟ್ಸ್‌ನಲ್ಲಿ, ಅಲ್ಲಿಂದ ಶ್ಪಾಲೆನ್‌ಟೋರ್, ಮಿಶನ್ ಮನೆ ಎಲ್ಲ ಹತ್ತಿರ. ಸ್ವೆಟರ್, ಮಫ್ಲರ್ ಮರೀಬೇಡಿ.

ಮೈಸೂರು ಮಗಳು:

ಓದಿ ಹೇಳಿದೆ. ಅಮ್ಮ ಸ್ವೆಟರ್ ಹುಡುಕಲು ಎದ್ದು ಹೋದರು. ಅಪ್ಪ ಕೇಳುತ್ತಿರುವುದು ಒಂದೇ, ಎರಡನೇ ಕೈಗವಸು ಕೊಡುವ ತನಕ ಅಲ್ಲೇ ಇರಬಹುದಾ ಅಂತ.

ರೈನ್ ದಂಡೆಯ ರಾಯಚೂರಿನವ:

ನಮ್ಮ ಮನೆ ಸೋಫಾ ಖಾಲಿ ಇದೆ, ಮೇಷ್ಟ್ರಿಗೆ ಹೇಳಿ.