ಎಷ್ಟು ಮಸೆದರೂ ಉಳಿಯ ಬಾಯಿ ನಿಲ್ಲುತ್ತಿಲ್ಲ

ಹಲಸಿನಹಲಗೆ:
ಮೂರು ಭಾನುವಾರ ಇದರಲ್ಲೇ ಕಳೆದೆ. ಮುಕ್ಕಾಲು ಇಂಚಿನ ಉಳಿ. ವಿಡಿಯೊ ನೋಡಿದ್ದು ಸಾಕಾಗಿದೆ, ಕೈ ಕಪ್ಪಾಗಿದೆ, ಹೆಂಡತಿ ಅಡುಗೆಮನೆಯ ಸಿಂಕಿನ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಸ್ಟೂಲಿನ ಕಾಲಿಗೆ ತೂತು ಹೊಡೆಯಲು ಕೂತರೆ ಗಟ್ಟಿ ಹೊನ್ನೆ ಮರದ ಮೇಲೆ ಐದಾರು ಪೆಟ್ಟಿಗೇ ಮೊಂಡು. ಏನು ತಪ್ಪು?

ತುಂಗಾತೀರ:
ಯಾವ ಕಲ್ಲು, ಎಷ್ಟನೇ ನಂಬರಿನದು, ಎಣ್ಣೆಯೋ ನೀರೋ? ಉಳಿ ಹೊಸದೋ ಹಳೆಯದೋ? ಇಷ್ಟೂ ಹೇಳದಿದ್ದರೆ ಜ್ಯೋತಿಷಿಯನ್ನೇ ಕೇಳಬೇಕು.

ಹಲಸಿನಹಲಗೆ:
ಎಲ್ಲರ ಬಳಿ ಇರುವ ಕಲ್ಲೇ ಸ್ವಾಮಿ. ಒಂದು ಕಡೆ ಒರಟು, ಇನ್ನೊಂದು ಕಡೆ ನುಣುಪು. ನೀರು.

ಸಾಣೆಪ್ರಿಯ:
ಕಲ್ಲೇ ಕಾರಣ. ಕಾರ್ಬೊರಂಡಮ್ ಕಲ್ಲು ನಡುವೆ ಸವೆದು ತಗ್ಗಾಗುತ್ತದೆ, ಅದರ ಮೇಲೆ ಉಳಿಯ ಬೆನ್ನು ಎಂದಿಗೂ ಸಪಾಟಾಗದು. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 220ನೇ ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ, ಗೆರೆಗಳೆಲ್ಲ ಹೋಗುವವರೆಗೆ ಕಲ್ಲನ್ನು ಉಜ್ಜಿ.

ಹಲಸಿನಹಲಗೆ:
ಉಜ್ಜಿದೆ. ನಡುವಿನ ಗೆರೆ ಕೊನೆಗೆ ಹೋಯಿತು. ಉಳಿಯ ಬೆನ್ನೂ ಕನ್ನಡಿಯಂತಾಯಿತು. ಐದಾರು ಪೆಟ್ಟು, ಮತ್ತೆ ಮೊಂಡು.

ಸಾಣೆಪ್ರಿಯ:
ಹಾಗಾದರೆ ಪೂರ್ತಿ ಸಪಾಟಾಗಿಲ್ಲ. ಇನ್ನೂ ಉಜ್ಜಿ.

ಬೀಟೆಬಡಗಿ:
ಪಾಪ, ಕಲ್ಲೇ ಮುಗಿದುಹೋದೀತು! ಸಮಸ್ಯೆ ಬಾಯಿಯ ಇಳಿಜಾರಿನ ಕೋನದ್ದು. 25 ಡಿಗ್ರಿ ಮೆದು ಮರಕ್ಕೆ ಸರಿ, ಹೊನ್ನೆಗೆ ಕೊಡತಿಯಿಂದ ಹೊಡೆಯುವುದಾದರೆ ತುದಿಯಲ್ಲಿ 30ರ ಸಣ್ಣ ಇಳಿಜಾರು ಕೊಡಿ. ಮಾರ್ಕರಿನಿಂದ ಇಳಿಜಾರಿಗೆ ಮಸಿ ಬಳಿದು ನಾಲ್ಕು ಸಲ ಎಳೆಯಿರಿ. ತುದಿಯಲ್ಲಿ ಮಸಿ ಉಳಿದಿದ್ದರೆ ಬಾಯಿ ಕಲ್ಲಿಗೆ ತಾಗಿಯೇ ಇಲ್ಲ.

ತುಂಗಾತೀರ:
ನಮ್ಮೂರಿನ ಆಚಾರಿಗಳು ಡಿಗ್ರಿ ಅಳೆದು ಮಸೆದದ್ದನ್ನು ನಾನಂತೂ ನೋಡಿಲ್ಲ.

ಬೀಟೆಬಡಗಿ:
ಅವರ ಕೈಗೆ ನಲವತ್ತು ವರ್ಷದ ಅಭ್ಯಾಸ. ಇವರಿಗೆ ಮೂರು ಭಾನುವಾರ.

ಗ್ರಾನೈಟ್‌ಗಿರಿ:
ನಾನು ಜಪಾನಿನ 1000, 3000, 8000ರ ಕಲ್ಲುಗಳನ್ನು ಬಳಸುತ್ತೇನೆ, ಕೊನೆಗೆ ಹಸಿರು ಪೇಸ್ಟ್ ಹಚ್ಚಿದ ಚರ್ಮ. ಕಲ್ಲು ಸಪಾಟು ಮಾಡಲು ಅಡುಗೆಕಟ್ಟೆಗೆ ತಂದು ಉಳಿದ ಗ್ರಾನೈಟ್ ತುಂಡು. ಟಿಶ್ಯೂ ಕಾಗದ ಉಳಿಯ ಮೇಲೆ ಬಿದ್ದರೆ ಸಾಕು, ಎರಡು ಹೋಳು.

ತುಂಗಾತೀರ:
ಸ್ಟೂಲು ಟಿಶ್ಯೂ ಕಾಗದದ್ದೇ?

ಕುಲುಮೆಕಿಡಿ:
ಒಂದೇ ಪ್ರಶ್ನೆ. ಮಸೆದ ಕೂಡಲೇ ಕೈಯ ಕೂದಲು ಬೋಳಿಸುತ್ತದೆಯೇ? ಮೊಂಡಾದ ಮೇಲೆ ಬಾಯಿ ಚಕ್ಕೆಯೆದ್ದಿರುತ್ತದೆಯೋ, ಮಡಚಿರುತ್ತದೆಯೋ?

ಹಲಸಿನಹಲಗೆ:
ಚೆನ್ನಾಗಿ ಬೋಳಿಸುತ್ತದೆ. ಆಮೇಲೆ ಮಡಚುತ್ತದೆ, ಉಗುರಿಗೆ ತಡೆಯುತ್ತದೆ.

ಕುಲುಮೆಕಿಡಿ:
ಗ್ರೈಂಡರಿಗೆ ಕೊಟ್ಟಿದ್ದಿರಾ?

ಹಲಸಿನಹಲಗೆ:
ಮೊದಲೇ ಕೊಟ್ಟಿದ್ದೆ. ಮೂಲೆ ಮುರಿದಿತ್ತು, ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಿಡಿಸಿದೆ. ತುದಿಗೆ ನವಿಲಿನ ಬಣ್ಣ ಬಂದು ಚೆನ್ನಾಗಿಯೇ ಕಾಣುತ್ತಿತ್ತು, ಮಸೆದಾಗ ಹೋಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಬೀಟೆಬಡಗಿ:
ಅಯ್ಯೋ ಪುಣ್ಯಾತ್ಮ!

ಕುಲುಮೆಕಿಡಿ:
ಸಂಬಂಧ ಅಲ್ಲೇ ಇದೆ. ಉಳಿಯ ಉಕ್ಕಿಗೆ ಆ ನೀಲಿ ಬರುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಾಗ. ಉಳಿಗೆ ಹದ ಕೊಡಲು ಕಾಯಿಸುವಾಗ ಒಣಹುಲ್ಲಿನ ಬಣ್ಣಕ್ಕೇ, ಅಂದರೆ 230ರ ಆಸುಪಾಸಿನಲ್ಲೇ ನಿಲ್ಲಬೇಕು. ಮೇಲಿನ ಬಣ್ಣ ಉಜ್ಜಿದರೆ ಹೋಗುತ್ತದೆ, ಉಕ್ಕು ಮೆತ್ತಗಾದದ್ದು ಹಾಗೆಯೇ ಇರುತ್ತದೆ. ಬಣ್ಣ ಎಲ್ಲಿಯವರೆಗೆ ಇತ್ತೋ ಅಷ್ಟನ್ನೂ ಒರಟು ಕಲ್ಲಿನಲ್ಲೇ ಸವೆಸಿ ತೆಗೆಯಿರಿ. ಗ್ರೈಂಡರೇ ಬೇಕೆಂದರೆ ಪಕ್ಕದಲ್ಲಿ ನೀರಿಟ್ಟುಕೊಳ್ಳಿ, ತುದಿಯ ಬಳಿ ಬರಿಗೈ ಬೆರಳಿರಲಿ, ಬಿಸಿ ತಾಗಿದೊಡನೆ ಅದ್ದಿ.

ಸಾಣೆಪ್ರಿಯ:
ಆದರೂ ಕಲ್ಲು ತಗ್ಗಾಗಿತ್ತಲ್ಲ!

ಹಲಸಿನಹಲಗೆ:
ಎರಡು ಸಂಜೆ ಕೂತು ಕೈಯಲ್ಲೇ ಮೂರು ಮಿಲಿಮೀಟರ್ ತೆಗೆದೆ. ಇವತ್ತು ಒಂದು ಇಡೀ ತೂತು ಹೊಡೆದೆ, ಬಾಯಿ ನಿಂತಿದೆ! ಆದರೆ ಓರೆಯಾಗಿದೆ, ಎಡಮೂಲೆ ಮುಂದೆ ಬಂದಿದೆ.

ಬೀಟೆಬಡಗಿ:
ಎಡಮೂಲೆಯ ಮೇಲೆ ಬೆರಳಿನ ಒತ್ತು ಹೆಚ್ಚಿರಲಿ. ನಡುನಡುವೆ ಮೂಲೆಮಟ್ಟ ಇಟ್ಟು ನೋಡಿ.

ಗ್ರಾನೈಟ್‌ಗಿರಿ:
ನನ್ನಲ್ಲಿ ಗ್ರಾನೈಟ್ ತುಂಡು ಇನ್ನೂ ಎರಡು ಇವೆ. ಯಾರಿಗಾದರೂ ಬೇಕೇ?