ಮೇಟ್‌ಲ್ಯಾಂಡ್ ಪಾಠದ ‘ಫ್ಯೂಡಲ್’ಗೆ ‘ಊಳಿಗಮಾನ್ಯ’ ಸಾಕೇ?

ಇಂಗ್ಲೆಂಡಿನ ಕಾನೂನು ಇತಿಹಾಸಕಾರ ಎಫ್. ಡಬ್ಲ್ಯೂ. ಮೇಟ್‌ಲ್ಯಾಂಡ್ 1887-88ರಲ್ಲಿ ಕೇಂಬ್ರಿಜ್‌ನಲ್ಲಿ ಇಂಗ್ಲೆಂಡಿನ ಸಂವಿಧಾನದ ಇತಿಹಾಸದ ಬಗ್ಗೆ ಮಾಡಿದ ಪಾಠಗಳಲ್ಲಿ ಒಂದು ಭಾಗವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ಯೂಡಲ್ ಸಿಸ್ಟಮ್’ ಎಂಬಲ್ಲಿ ಬಂದು ನಿಂತಿದ್ದೇನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದು ‘ಊಳಿಗಮಾನ್ಯ ಪದ್ಧತಿ’. ಅದನ್ನೇ ಇಟ್ಟುಕೊಳ್ಳಲೇ?

ಈ ಪಾಠಗಳನ್ನು ಅವರು ಅಚ್ಚಿಗೆಂದು ಬರೆದದ್ದಲ್ಲ, ತರಗತಿಗೆಂದು ಬರೆದಿಟ್ಟುಕೊಂಡದ್ದು. 1906ರಲ್ಲಿ ಅವರು ತೀರಿಕೊಂಡ ಮೇಲೆ ಭಾವಮೈದ ಎಚ್. ಎ. ಎಲ್. ಫಿಶರ್ ಆ ಕಾಗದಗಳನ್ನು ಸಿದ್ಧಪಡಿಸಿ 1908ರಲ್ಲಿ ಪುಸ್ತಕವಾಗಿ ತಂದರು. ಹಾಗಾಗಿ ಮೇಷ್ಟ್ರು ಹುಡುಗರ ಎದುರು ನಿಂತು ಮಾತಾಡುವ ಧಾಟಿ ಹಾಗೇ ಉಳಿದಿದೆ. ನನಗಂತೂ 1895ರಲ್ಲಿ ಕಾನೂನು ವಿದ್ವಾಂಸ ಪೊಲಾಕ್ ಜೊತೆ ತಂದ, ಇಂಗ್ಲಿಷ್ ಕಾನೂನಿನ ಇತಿಹಾಸದ ದೊಡ್ಡ ಗ್ರಂಥಕ್ಕಿಂತ ಇದೇ ಜಾಸ್ತಿ ಇಷ್ಟ.

ಅದರಲ್ಲೊಂದು ತಮಾಷೆ ಇದೆ. ಇಂಗ್ಲೆಂಡಿಗೆ ಈ ಪದ್ಧತಿಯನ್ನು ತಂದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ‘ಹೆನ್ರಿ ಸ್ಪೆಲ್ಮನ್’ ಎಂದು ಬರೆದರೂ ಸರಿಯೇ, ಸರಿಯಾಗಿ ವಿವರಿಸಿದರೆ ಸಾಕು ಅನ್ನುತ್ತಾರೆ. ಸ್ಪೆಲ್ಮನ್ ರಾಜನಲ್ಲ, 17ನೇ ಶತಮಾನದ ಒಬ್ಬ ವಿದ್ವಾಂಸ! ಆ ಪದ್ಧತಿ ಪೂರ್ತಿ ಬೆಳೆದು ನಿಂತದ್ದು ಯಾವಾಗ ಅಂದರೆ ‘ಕಳೆದ ಶತಮಾನದ ನಡುವೆ’, ಅಂದರೆ 18ನೇ ಶತಮಾನದಲ್ಲಿ. ‘ಸಿಸ್ಟಮ್’ ಅನ್ನುವುದು ಹಿಂದಿನವರು ಬದುಕಿದ್ದಲ್ಲ, ಆಮೇಲಿನ ವಿದ್ವಾಂಸರು ಕಟ್ಟಿದ್ದು ಎಂಬ ಕುಟುಕು ಅದು. ಈ ತಮಾಷೆಗೆ ಪಠ್ಯಪುಸ್ತಕದ ವಾಸನೆ ಇರುವ ‘ಊಳಿಗಮಾನ್ಯ ಪದ್ಧತಿ’ ಚೆನ್ನಾಗಿಯೇ ಹೊಂದುತ್ತದೆ.

ತೊಡಕು ಮುಂದಿನ ಪುಟಗಳಲ್ಲಿ. ‘ಊಳಿಗ’ ಅಂದ ಕೂಡಲೇ ಇವತ್ತಿನ ಓದುಗರಿಗೆ ಮನೆಗೆಲಸ, ಚಾಕರಿ, ಬಿಟ್ಟಿ ದುಡಿಮೆ ನೆನಪಾಗುತ್ತದೆ. ಆದರೆ ಅಲ್ಲಿನ ನೈಟ್, ಅಂದರೆ ಕುದುರೆ ಏರಿ ಕಾದುವ ಯೋಧ, ಮಾಡುತ್ತಿದ್ದದ್ದು ಯುದ್ಧದ ಸೇವೆ, ಮರ್ಯಾದೆಯ ಕೆಲಸ. ‘ಮಾನ್ಯ’ವೂ ಪೂರ್ತಿ ಕೂಡುವುದಿಲ್ಲ. ನಮ್ಮಲ್ಲಿ ಮಾನ್ಯ ಅಂದರೆ ಮುಖ್ಯವಾಗಿ ಕಂದಾಯ ಮಾಫಿಯಾದ ಅಥವಾ ಕಡಿಮೆಯಾದ ಭೂಮಿ, ಉಂಬಳಿಯ ಹಾಗೆ. ಮೇಟ್‌ಲ್ಯಾಂಡ್ ಹೇಳುವುದು ಕಂದಾಯದ ಮಾತಲ್ಲ. ಭೂಮಿಯೆಲ್ಲ ಕೊನೆಗೆ ರಾಜನದು, ಅವನಿಂದ ಒಬ್ಬ ದೊರೆ (ಲಾರ್ಡ್) ಹಿಡಿದಿರುತ್ತಾನೆ, ಆ ದೊರೆಯಿಂದ ಇನ್ನೊಬ್ಬ, ಅವನಿಂದ ಮತ್ತೊಬ್ಬ, ಹೀಗೆ ಕೆಳಗಿನವರೆಗೂ. ಇದಕ್ಕೆ ‘ಹಿಡುವಳಿ’ ಚೆನ್ನಾಗಿ ಕೂತಿದೆ, ಅದನ್ನು ಬದಲಿಸುವುದಿಲ್ಲ. ದಕ್ಷಿಣ ಕನ್ನಡದವರಿಗಾದರೆ ವರ್ಗದಾರ (ಭೂಮಿಯ ಒಡೆಯ), ಮೂಲಗೇಣಿದಾರ (ಶಾಶ್ವತ ಗೇಣಿಯವನು), ಚಾಲಗೇಣಿದಾರ (ತಾತ್ಕಾಲಿಕ ಗೇಣಿಯವನು) ಎಂದರೆ ಈ ಸರಪಳಿ ಥಟ್ಟನೆ ಹೊಳೆಯಬಹುದು, ಆದರೆ ಅಲ್ಲಿ ಕೊಡುತ್ತಿದ್ದದ್ದು ಗೇಣಿ, ಯುದ್ಧಸೇವೆಯಲ್ಲ.

‘ಸಾಮಂತ ಪದ್ಧತಿ’ ಅನ್ನೋಣ ಅಂದರೆ ಓದುಗರ ಕಣ್ಣಿಗೆ ಕಪ್ಪ ಕೊಡುವ ಸಣ್ಣ ರಾಜ ಬರುತ್ತಾನೆ, ನಾಲ್ಕು ಹಳ್ಳಿಯ ನೈಟ್ ಅಲ್ಲ. ಯುದ್ಧಕ್ಕೆ ಆಳು ಕೊಟ್ಟು ಅದಕ್ಕೆ ಬದಲಾಗಿ ಭೂಮಿ ಅನುಭವಿಸುವುದು ಅಂದರೆ ವಿಜಯನಗರದ ಅಮರನಾಯಕರೇ ಹತ್ತಿರ. ಆದರೆ ಆ ಹೆಸರು ತಂದರೆ ಓದುಗರು ಹಂಪಿಗೆ ಹೋಗಿಬಿಡುತ್ತಾರೆ, ಅಲ್ವಾ?

ಇನ್ನೊಂದು ಪದ ‘ಹೋಮೇಜ್’. ಒಬ್ಬ ಮೊಣಕಾಲೂರಿ, ಎರಡೂ ಕೈಗಳನ್ನು ದೊರೆಯ ಕೈಗಳ ನಡುವೆ ಇಟ್ಟು, ‘ನಾನು ನಿಮ್ಮವನಾದೆ’ ಅನ್ನುವ ವಿಧಿ. ‘ಗೌರವ ಸಲ್ಲಿಕೆ’ ಅಂತ ಬರೆದರೆ ಸುಮ್ನೆ ಹಾರ ಹಾಕಿದ ಹಾಗಾಗುತ್ತದೆ. ಹಳಗನ್ನಡದ ‘ಆಳ್’ ಯೋಧನೂ ಹೌದು, ಸೇವಕನೂ ಹೌದು. ಉಂಡ ಅನ್ನದ ಋಣಕ್ಕೆ ಒಡೆಯನಿಗಾಗಿ ಹೋರಾಡುವ ‘ಜೋಳವಾಳಿ’ಯೂ ಇದೆ. ಆದರೆ ಇವತ್ತು ‘ಆಳು’ ಅಂದರೆ ಕೂಲಿಯವನು, ‘ಜೋಳವಾಳಿ’ಗೆ ಅಡಿಟಿಪ್ಪಣಿ ಬೇಕು. ‘ಬಂಟ’ ಎಂಬುದರಲ್ಲಿ ನಿಷ್ಠೆ, ಶೌರ್ಯ ಎರಡೂ ಇವೆ, ರಾಮನ ಬಂಟ ಹನುಮಂತ ಅನ್ನುತ್ತೇವಲ್ಲ. ಸದ್ಯಕ್ಕೆ ‘ಬಂಟನಾಗುವ ವಿಧಿ’ ಎಂದು ಬರೆದಿದ್ದೇನೆ. ಕರಾವಳಿಯವರು ಓದಿದರೆ ಸಮುದಾಯದ ಹೆಸರೆಂದು ಗೊಂದಲ ಆಗುತ್ತದೆಯೇ? ‘ನೈಟ್ ಸರ್ವಿಸ್’ಗೆ ‘ದಂಡಿನ ಸೇವೆ’ ಅಂದರೆ ಸಾಕೇ, ನಿಮ್ಮ ಕಡೆ ಬೇರೆ ಮಾತು ಬಳಕೆಯಲ್ಲಿದೆಯೇ? ಇದ್ದರೆ ಯಾವ ಸೀಮೆಯದು ಎಂದೂ ತಿಳಿಸಿ.